ಹುರುಳಿ ಹಾಸಿದ ರಸ್ತೆಯಲ್ಲಿ ನನ್ನ ಚಾವಣಿಯಿಲ್ಲದ ಕಾರು

ಎರಡು ವರ್ಷದ ಹಿಂದೆ, ಸಂಕ್ರಾಂತಿ ಕಳೆದ ಮಾರನೆಯ ದಿನ ನಡೆದದ್ದು ಇದು. ಬೇಲೂರಿನಲ್ಲಿರುವ ತಮ್ಮ ತಂಗಿಯ ಮನೆಗೆ ಎಳ್ಳು ಬೀರಲು ನಮ್ಮ ಅತ್ತೆ ಪ್ರತಿ ವರ್ಷ ಹೋಗುತ್ತಾರೆ. ಆ ಸಲ ಅವರನ್ನು ಕರೆದುಕೊಂಡು ಹೊರಟವಳು ನಾನು, ಅದೂ ನನ್ನ ಚಾವಣಿಯಿಲ್ಲದ ಕಾರಿನಲ್ಲಿ.

ಮೊದಲು ಕಾರಿನ ವಿಷಯ ಹೇಳಿಬಿಡುತ್ತೇನೆ. ನಾನು ಅರಸೀಕೆರೆಯಲ್ಲಿ ಔಷಧಿ ಅಂಗಡಿ ನಡೆಸುತ್ತೇನೆ. ನಮ್ಮ ಯಜಮಾನರದು ಕೊಬ್ಬರಿ ವ್ಯಾಪಾರ. ಅವರಿಗೆ ಪರಿಚಯದ ಕಾಫಿ ತೋಟದವರೊಬ್ಬರ ಶೆಡ್ಡಿನಲ್ಲಿ, ಮೂಟೆಗಳ ಹಿಂದೆ ಈ ಎರಡು ಸೀಟಿನ ಹಳೆಯ ವಿದೇಶಿ ಸ್ಪೋರ್ಟ್ಸ್ ಕಾರು ಧೂಳು ಹಿಡಿದು ನಿಂತಿತ್ತು. ನೋಡಿದ್ದೇ ತಡ, ನನಗೆ ಹುಚ್ಚು ಹಿಡಿಯಿತು. ಮೇಲೆ ತಗಡಿನ ಚಾವಣಿ ಇಲ್ಲ, ಮಡಚಿ ಹಿಂದಕ್ಕೆ ಹಾಕುವ ಕ್ಯಾನ್ವಾಸ್ ಬಟ್ಟೆ ಅಷ್ಟೆ. ಕೂತರೆ ನೆಲದ ಮೇಲೆ ಚಕ್ಕಂಬಕ್ಕಳ ಹಾಕಿ ಕೂತ ಹಾಗೆ. ತೂಕವಂತೂ ಎಷ್ಟು ಕಡಿಮೆಯೆಂದರೆ, ಕೊಬ್ಬರಿ ಮಂಡಿಯ ಹಮಾಲರು ನಾಲ್ಕೈದು ಜನ ಸೇರಿ ಹಿಂಭಾಗವನ್ನು ಎತ್ತಿ ಪಕ್ಕಕ್ಕಿಟ್ಟು ಲಾರಿಗೆ ದಾರಿ ಮಾಡಿಕೊಂಡದ್ದನ್ನು ನಾನೇ ನೋಡಿದ್ದೇನೆ. "ಈ ವಯಸ್ಸಲ್ಲಿ ಇದೆಂಥ ಆಟ ನಿಂದು" ಎಂದು ನಮ್ಮಣ್ಣ ಕೇಳಿದ. ಆಡುವ ವಯಸ್ಸಿನಲ್ಲಿ ಯಾರೂ ಕೊಡಿಸಲಿಲ್ಲವಲ್ಲ ಎಂದು ಅವನ ಬಾಯಿ ಮುಚ್ಚಿಸಿದೆ.

ಕೊಂಡದ್ದೇನೋ ಆಯಿತು, ಸಾಕುವ ಪಾಡು ಆಮೇಲೆ ಗೊತ್ತಾಯಿತು. ಬಟ್ಟೆಯ ಬುಡದಲ್ಲಿ ಮಳೆನೀರು ಇಳಿದುಹೋಗಲು ಸಣ್ಣ ತೂತುಗಳಿವೆ. ನಮ್ಮ ಮನೆಯ ಪಕ್ಕದಲ್ಲೇ ಕೊಬ್ಬರಿ ಗೋದಾಮು ಇರುವುದರಿಂದ ತೆಂಗಿನ ನಾರಿನ ಧೂಳು ಅವುಗಳಲ್ಲಿ ಕಟ್ಟಿಕೊಳ್ಳುತ್ತದೆ. ಒಮ್ಮೆ ಹಾಗೆ ಕಟ್ಟಿಕೊಂಡು, ಒಂದೇ ಮಳೆಗೆ ಕಾಲಿಡುವ ಜಾಗವೆಲ್ಲ ಕೆರೆಯಾಗಿತ್ತು. ಅಂದಿನಿಂದ ಭಾನುವಾರ ಬೆಳಿಗ್ಗೆ ಪೊರಕೆಯಿಂದ ಒಂದು ಕಡ್ಡಿ ಎಳೆದು ಆ ತೂತುಗಳನ್ನು ಬಿಡಿಸುವುದು ನನ್ನ ಕೆಲಸ. ಬಟ್ಟೆ ಹರಿದಾಗ ಲಾರಿ ಟಾರ್ಪಾಲು ಹೊಲಿಯುವವರ ಹತ್ತಿರ ಹೊಲಿಸಿದೆ. ಚಿಕ್ಕದೊಂದು ರಬ್ಬರ್ ಪಟ್ಟಿಗೂ ಬೆಂಗಳೂರಿನ ಕಡೆ ಮುಖ ಮಾಡಿ ವಾರಗಟ್ಟಲೆ ಕಾಯಬೇಕು. ರಸ್ತೆಯಲ್ಲಿ ದೊಡ್ಡ ಹಂಪ್ ಬಂದರೆ ಪಕ್ಕದಲ್ಲಿ ಕೂತವರು ಇಳಿದು ನಡೆಯಬೇಕು, ಇಲ್ಲದಿದ್ದರೆ ಹೊಟ್ಟೆ ಉಜ್ಜುತ್ತದೆ. ನಿನ್ನ ಕಾರಿನಲ್ಲಿ ಹೋಗಿದ್ದಕ್ಕಿಂತ ಅದರ ಪಕ್ಕದಲ್ಲಿ ನಡೆದದ್ದೇ ಜಾಸ್ತಿ ಎಂದು ಯಜಮಾನರು ಈಗಲೂ ಆಡಿಕೊಳ್ಳುತ್ತಾರೆ.

ಕಾರನ್ನು ನೋಡಿಕೊಳ್ಳುವ ಮೆಕ್ಯಾನಿಕ್ ಫಯಾಜ್ ಒಂದು ಮಾತು ಪದೇ ಪದೇ ಹೇಳುತ್ತಿದ್ದ. "ಅಕ್ಕಾ, ಸೈಲೆನ್ಸರ್ ತುಂಬಾ ಕೆಳಗಿದೆ. ಒಕ್ಕಣೆ ಟೈಮಲ್ಲಿ ರಸ್ತೆ ಮೇಲೆ ಹುರುಳಿ ಹಾಕಿರ್ತಾರೆ ನೋಡಿ, ಅದರ ಮೇಲೆ ಮಾತ್ರ ಹೋಗ್ಬೇಡಿ." ನಮ್ಮ ಕಡೆ ಗೊತ್ತಿರುವವರಿಗೆ ಗೊತ್ತು. ಹುರುಳಿ, ರಾಗಿ ಕೊಯ್ದ ಮೇಲೆ ಅದನ್ನು ಡಾಂಬರು ರಸ್ತೆಯ ಮೇಲೆ ಹರಡುತ್ತಾರೆ. ಬಸ್ಸು, ಲಾರಿ ಹತ್ತಿ ಹೋದರೆ ಕಾಳು ತಾನಾಗಿ ಬಿಡುತ್ತದೆ. ಹುರುಳಿಯದು ಬಳ್ಳಿ, ಹಗ್ಗದ ಹಾಗೆ ಗಾಲಿಗೆ ಸುತ್ತಿಕೊಳ್ಳುತ್ತದೆ. ಅದನ್ನು ಕಂಡಾಗಲೆಲ್ಲ ನನಗೆ ಸಿಟ್ಟು ನೆತ್ತಿಗೇರುತ್ತಿತ್ತು. ಕಾರು ನಿಲ್ಲಿಸಿ, ರಸ್ತೆ ನಿಮ್ಮಪ್ಪನ ಮನೆಯದೇನ್ರೀ ಎಂದು ಜಗಳ ಆಡಿದ್ದೂ ಉಂಟು.

ಅತ್ತೆಗೆ ಎಪ್ಪತ್ತು ದಾಟಿದೆ. ಒಳ್ಳೆ ಮೈಕಟ್ಟಿನ ಹೆಂಗಸು. ಎರಡೂ ಮಂಡಿಗೆ ಆಪರೇಷನ್ ಆಗಿದೆ. ಈ ಕಾರಿನೊಳಗೆ ಕೂರುವುದು ಅವರಿಗೆ ಕಷ್ಟವಲ್ಲ, ಸುಮ್ಮನೆ ಒರಗಿ ಜಾರಿದರಾಯಿತು. ಏಳಿಸಲು ಮಾತ್ರ ಇಬ್ಬರು ಬೇಕು. ಆದರೂ ಅವರಿಗೆ ಈ ಕಾರೆಂದರೆ ಆಸೆ, ಬಾಯಿ ಬಿಟ್ಟು ಹೇಳುವವರಲ್ಲ. "ಬಸ್ಸು ರಶ್ ಇರ್ತದೆ, ಇದ್ರಲ್ಲೇ ಹೋಗಾನ" ಎಂದರು ಆ ದಿನ. ಪೂಜೆ ಮುಗಿಸಿ, ಹಣೆ ತುಂಬ ವಿಭೂತಿ ಹಚ್ಚಿ, ತಲೆಗೆ ಶಾಲು ಸುತ್ತಿ, ಎಳ್ಳಿನ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತರು. ಚಳಿ ಬಿಟ್ಟು ಬಿಸಿಲು ಏರುವ ಹೊತ್ತು. ಜಾವಗಲ್‌ನಲ್ಲಿ ಟೀ ಅಂಗಡಿಯ ಮುಂದೆ ನಿಂತವರೆಲ್ಲ ನಮ್ಮನ್ನೇ ನೋಡಿದಾಗ ಅತ್ತೆ ಅತ್ತಿತ್ತ ನೋಡದೆ ಗಂಭೀರವಾಗಿ ಕೂತಿದ್ದರು. ಊರು ದಾಟಿದ ಮೇಲೆ ಒಬ್ಬರೇ ನಕ್ಕರು.

ಹಳೇಬೀಡು ಇನ್ನೂ ಸ್ವಲ್ಪ ದೂರವಿರುವಾಗ ಒಂದು ಹಳ್ಳಿಯ ಬಳಿ ರಸ್ತೆಯ ಅಗಲಕ್ಕೂ ಹುರುಳಿ ಹಾಸಿತ್ತು. ನಾನು ಬ್ರೇಕ್ ಹಾಕಿದೆ. ಪಕ್ಕದಲ್ಲಿ ಇಳಿಸೋಣವೆಂದರೆ ಎರಡೂ ಕಡೆ ತಗ್ಗು. ಬಳ್ಳಿ ತಿರುವುವ ಕವೆಗೋಲು ಹಿಡಿದ ಹೆಂಗಸರು ಮೂರು ನಾಲ್ಕು ಜನ ನಿಂತಿದ್ದರು. ನಮ್ಮ ಕಾರು ನೋಡಿ ಅವರಲ್ಲೊಬ್ಬಳು ನಕ್ಕಳು.

"ಬನ್ರವ್ವ, ಹತ್ಸಿ. ಆದ್ರೆ ಈ ಗಾಡಿಗೆ ಒಂದ್ ಕಾಳೂ ಬಿಡಾಕಿಲ್ಲ."

ಸ್ವಲ್ಪ ಎಳೆದು ದಾರಿ ಬಿಡಿ ಎಂದು ಕೇಳಬೇಕೆಂದಿದ್ದೆ. ಅಷ್ಟರಲ್ಲಿ ಅತ್ತೆ, "ಹತ್ಸೇ ಸುಮ್ನೆ. ನಮ್ಮಪ್ಪನ ಮನೇಲಿ ಕಣದಲ್ಲಿ ಕಾಳು ಬಿಡ್ಸಾಕೆ ರೋಣಗಲ್ಲು ಎಳ್ದು ಎಳ್ದು ಎತ್ತು ಸಾಕಾಗೋವು. ಒಂದ್ ಗಾಡಿ ಹೋದ್ರೆ ಅಷ್ಟು ಕೆಲಸ ಕಮ್ಮಿ ಆಯ್ತದೆ ಅವ್ರಿಗೆ" ಎಂದರು. ಫಯಾಜ್ ಹೇಳಿದ್ದು ನೆನಪಿತ್ತು. ಆದರೆ ಅತ್ತೆಯ ಮಾತು ಮೀರುವ ಧೈರ್ಯ ನನಗೆ ಮನೆಯಲ್ಲೇ ಇಲ್ಲ, ರಸ್ತೆಯಲ್ಲಿ ಎಲ್ಲಿಂದ ಬರಬೇಕು? ನಿಧಾನವಾಗಿ ಹತ್ತಿಸಿದೆ.

ಹಾಸು ಅರ್ಧ ದಾಟುವಷ್ಟರಲ್ಲಿ ಕಾರು ಭಾರವಾಯಿತು. ಯಾರೋ ಹಿಂದಿನಿಂದ ಹಿಡಿದೆಳೆದ ಹಾಗೆ. ಆಕ್ಸಿಲರೇಟರ್ ಒತ್ತಿದೆ, ಆಗಲಿಲ್ಲ, ನಿಂತೇಬಿಟ್ಟಿತು. ಸುಟ್ಟ ವಾಸನೆ ಬಂತು. ಇಂಜಿನ್ ಬಂದ್ ಮಾಡಿ ಇಳಿದು ಬಗ್ಗಿ ನೋಡಿದರೆ ಅತ್ತೆ ಕೂತ ಕಡೆ, ಸೈಲೆನ್ಸರಿಗೆ ಸುತ್ತಿಕೊಂಡ ಬಳ್ಳಿಯಲ್ಲಿ ಬೆಂಕಿ. ಕೆಳಗೆ ಹಾಸಿದ್ದೆಲ್ಲ ಒಣ ಹುರುಳಿ. ನಾನು ನೋಡುತ್ತಿದ್ದಂತೆಯೇ ಅದಕ್ಕೂ ಹತ್ತಿಕೊಂಡಿತು.

ಅತ್ತೆಯ ಕಡೆಯ ಬಾಗಿಲು ತೆಗೆಯಲು ಹೋದೆ. ಅದರ ಕೆಳಗಿನಿಂದಲೇ ಜ್ವಾಲೆ ಬರುತ್ತಿತ್ತು, ಹತ್ತಿರ ಹೋಗಲಾಗಲಿಲ್ಲ. ಮತ್ತೆ ಸುತ್ತಿಕೊಂಡು ನನ್ನ ಕಡೆಯಿಂದ ಬಗ್ಗಿ ಅವರ ಬೆಲ್ಟ್ ಬಿಚ್ಚಿ, ಕೈ ಹಿಡಿದು ಜಗ್ಗಿದೆ. ಅವರು ಅರ್ಧ ಗೇಣೂ ಮೇಲೇಳಲಿಲ್ಲ. ಅವರ ಮಂಡಿ ಮಡಚುವುದಿಲ್ಲ, ಸೀಟು ಬಾವಿಯ ಹಾಗಿದೆ, ಮಧ್ಯೆ ಗೇರ್ ಇದೆ. ಮತ್ತೆ ಜಗ್ಗಿದೆ. ಹೊಗೆಗೆ ಕಣ್ಣು ಕಾಣುತ್ತಿರಲಿಲ್ಲ. ಅತ್ತೆ ನನ್ನ ಕೈ ಕೊಡವಿದರು.

"ನೀನ್ ಹೋಗು. ಹೋಗೇ ಅತ್ಲಾಗೆ. ಮಕ್ಕಳಿದ್ದಾವೆ ನಿಂಗೆ" ಎಂದರು. ಗದರುವ ದನಿಯಲ್ಲೇ ಹೇಳಿದರು, ಸಾರಿಗೆ ಉಪ್ಪು ಜಾಸ್ತಿಯಾದಾಗ ಹೇಳುವ ಹಾಗೆ.

ನಾನು ಅವರನ್ನು ಬಿಟ್ಟು ಓಡಿದೆ. ಜನರನ್ನು ಕರೆಯಲೆಂದು ಓಡಿದೆ, ನಿಜ. ಆದರೆ ಬೆನ್ನು ತಿರುಗಿಸಿ ಓಡಿದ ಆ ನಾಲ್ಕು ಹೆಜ್ಜೆಯನ್ನು ನಾನು ಇವತ್ತೂ ಮರೆತಿಲ್ಲ. ನಾನು ಕೂಗುವ ಮೊದಲೇ ಒಬ್ಬಳು ನನ್ನನ್ನು ಸವರಿಕೊಂಡು ಕಾರಿನ ಕಡೆ ಓಡಿ ಹೋದಳು, ಆಗ ನಕ್ಕಿದ್ದಳಲ್ಲ, ಅವಳೇ.

ಅವಳು ಬಾಗಿಲ ಗೊಡವೆಗೇ ಹೋಗಲಿಲ್ಲ. ಹಿಂದಿನಿಂದ ಡಿಕ್ಕಿಯ ಮೇಲೆ ಹತ್ತಿ, ಮಡಚಿಟ್ಟ ಬಟ್ಟೆಯ ಮೇಲೆ ಮಂಡಿಯೂರಿ, ಅತ್ತೆಯ ಎರಡೂ ಕಂಕುಳಿಗೆ ಕೈ ಹಾಕಿ ಮೇಲಕ್ಕೆ ಎತ್ತಿದಳು. ಚಾವಣಿ ಇದ್ದ ಕಾರಾಗಿದ್ದರೆ ಅದು ಆಗುವ ಮಾತಲ್ಲ. ಅತ್ತೆ ಸೊಂಟದವರೆಗೆ ಮೇಲೆ ಬಂದರು. ಇನ್ನಿಬ್ಬರು ಹೆಂಗಸರು ಸೀರೆ ಹಿಡಿದು ಎಳೆದರು. ಮೂಟೆ ಇಳಿಸಿದ ಹಾಗೆ ಡಿಕ್ಕಿಯ ಮೇಲಿಂದ ಜಾರಿಸಿ ಅವರನ್ನು ಕೆಳಗಿಳಿಸಿದರು. ಎಳ್ಳಿನ ಡಬ್ಬಿ ಆಗಲೂ ಅತ್ತೆಯ ಸೆರಗಿನೊಳಗೇ ಇತ್ತು.

ಅಷ್ಟರಲ್ಲಿ ಹೊಲದಿಂದ ಗಂಡಸರು ಓಡಿಬಂದರು. "ಗಾಡಿ ಹಗೂರ ಐತೆ, ಹಿಡ್ಕಳ್ರಲಾ" ಎಂದು ಯಾರೋ ಕೂಗಿದರು. ಸುತ್ತ ಕೈ ಹಾಕಿ, ಕಾರನ್ನು ಅರ್ಧ ಎತ್ತಿ ಅರ್ಧ ಎಳೆದು, ಹುರುಳಿ ಇಲ್ಲದ ಕಡೆಗೆ ಸಾಗಿಸಿದರು. ಕವೆಗೋಲಿನಿಂದ ಉರಿಯುವ ಬಳ್ಳಿಯನ್ನು ಕಿತ್ತೆಳೆದು ಮಣ್ಣು ಸುರಿದರು, ಬಿಂದಿಗೆಗಳಲ್ಲಿ ನೀರು ತಂದರು. ಬೆಂಕಿ ಪೆಟ್ರೋಲ್ ಟ್ಯಾಂಕಿನ ತನಕ ಹೋಗಲಿಲ್ಲ. ಆದರೆ ಅವರು ಕಾರಿನ ಬೆಂಕಿ ಆರಿಸುವ ಹೊತ್ತಿಗೆ ರಸ್ತೆಯ ಮೇಲಿನ ಹುರುಳಿ ಮುಕ್ಕಾಲು ಪಾಲು ಉರಿದುಹೋಗಿತ್ತು. ಅದರ ಕಡೆ ಯಾರೂ ತಿರುಗಿಯೂ ನೋಡಿರಲಿಲ್ಲ.

ಅವಳ ಹೆಸರು ಜಯಮ್ಮ. ಹುರುಳಿ ಅವಳದೇ. ಬಲ ಮೊಣಕೈಯಿಂದ ಕೆಳಗೆ ಸುಟ್ಟು ಬೊಬ್ಬೆ ಎದ್ದಿತ್ತು. ನಾನು ಅವಳ ಕೈಯನ್ನು ಹಳ್ಳಿಯ ನಲ್ಲಿಯ ಕೆಳಗೆ ಹಿಡಿಸಿ, ನೀರು ಬಿಟ್ಟು, ಆಮೇಲೆ ನನ್ನ ಬ್ಯಾಗಿನಲ್ಲಿದ್ದ ಮುಲಾಮು ಹಚ್ಚಿದೆ. ದಿನಾ ಅಂಗಡಿಯಲ್ಲಿ ಮಾಡುವ ಕೆಲಸ, ಆದರೂ ಟ್ಯೂಬಿನ ಮುಚ್ಚಳ ತೆಗೆಯಲು ನನಗೆ ಆಗಲಿಲ್ಲ. ಅವಳೇ ತೆಗೆದುಕೊಟ್ಟಳು.

ಅಲ್ಲಿ ಬೈಕ್ ನಿಲ್ಲಿಸಿ ಫೋನಿನಲ್ಲಿ ವಿಡಿಯೋ ಮಾಡುತ್ತಿದ್ದವರೊಬ್ಬರು ಹತ್ತಿರ ಬಂದರು. "ಮೇಡಂ, ಬಿಡಬೇಡಿ ಇವರನ್ನ. ರಸ್ತೆ ಮೇಲೆ ಒಕ್ಕಣೆ ಮಾಡೋದು ತಪ್ಪು. ಕಂಪ್ಲೇಂಟ್ ಕೊಡಿ, ನಾನು ಸಾಕ್ಷಿ ಹೇಳ್ತೀನಿ" ಎಂದರು. ಜಯಮ್ಮನ ಮುಖ ಸಪ್ಪಗಾಯಿತು. "ತಪ್ಪಾಯ್ತು ಕಣವ್ವ" ಎಂದಳು. ಬೇರೆ ದಿನವಾಗಿದ್ದರೆ ಅದೇ ಮಾತನ್ನು ನಾನೇ ಅವಳ ಬಾಯಿಂದ ಹೇಳಿಸುತ್ತಿದ್ದೆ. ಆಗ ಮಾತ್ರ ಆ ಮಾತು ಕೇಳಿ ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು.

ಕಲ್ಲಿನ ಮೇಲೆ ಕೂತು ಸುಧಾರಿಸಿಕೊಳ್ಳುತ್ತಿದ್ದ ಅತ್ತೆ ಅಲ್ಲಿಂದಲೇ, "ಏನಪ್ಪಾ, ಹತ್ಸು ಅಂದೋಳು ನಾನು. ಬರ್ಕೊಳ್ಳೋದಿದ್ರೆ ನನ್ ಹೆಸ್ರು ಬರ್ಕೋ" ಎಂದರು. ಆತ ಫೋನು ಜೇಬಿಗಿಟ್ಟು ಹೊರಟರು. ಅತ್ತೆ ಡಬ್ಬಿಯ ಮುಚ್ಚಳ ತೆಗೆದು ಅಲ್ಲಿದ್ದವರನ್ನೆಲ್ಲ ಕರೆದು, ಮಣ್ಣು ಮಸಿಯಾದ ಕೈಗಳಿಗೆ ಎಳ್ಳು ಬೀರಿದರು. ತಂಗಿಗೆಂದು ಒಯ್ದದ್ದರಲ್ಲಿ ಒಂದು ಸಕ್ಕರೆ ಅಚ್ಚೂ ಉಳಿಯಲಿಲ್ಲ. ಯಜಮಾನರು ಟೆಂಪೋ ತಂದು ನಮ್ಮನ್ನೂ ಕಾರನ್ನೂ ಅರಸೀಕೆರೆಗೆ ಕರೆದೊಯ್ದರು.

ಕಾರು ಫಯಾಜ್‌ನ ಶೆಡ್ಡಿನಲ್ಲಿ ಬಹಳ ಕಾಲ ನಿಂತಿತು. ಅಡಿಯ ವೈರುಗಳು, ರಬ್ಬರ್ ಪೈಪುಗಳು, ಅತ್ತೆಯ ಕಡೆಯ ಬಾಗಿಲ ಬಣ್ಣ ಎಲ್ಲ ಹೋಗಿದ್ದವು. ಒಂದು ಸಾಮಾನು ಬಂದರೆ ಇನ್ನೊಂದು ಬರುತ್ತಿರಲಿಲ್ಲ. ಮಾರಿಬಿಡು ಎಂದು ಮನೆಯಲ್ಲಿ ಎಲ್ಲರೂ ಹೇಳಿದರು, ಅತ್ತೆಯೊಬ್ಬರನ್ನು ಬಿಟ್ಟು. ಫಯಾಜ್ ಸೈಲೆನ್ಸರನ್ನು ಆದಷ್ಟು ಮೇಲಕ್ಕೆ ಕಟ್ಟಿ, ಅದರ ಕೆಳಗೊಂದು ತಗಡು ಕೂರಿಸಿದ. "ಅಕ್ಕಾ, ಈಗಲೂ ಹುರುಳಿ ಮೇಲೆ ಬೇಡ" ಎಂದ. ನಾನು ಅವನ ಮುಖ ನೋಡದೆ ತಲೆಯಾಡಿಸಿದೆ.

ಯುಗಾದಿ ಕಳೆದ ಮೇಲೆ, ರಿಪೇರಿಯಾಗಿ ಬಂದ ಅದೇ ಕಾರಿನಲ್ಲಿ ಅತ್ತೆಯನ್ನು ಕೂರಿಸಿಕೊಂಡು ಮೊದಲು ಹೋದದ್ದು ಜಯಮ್ಮನ ಮನೆಗೆ. ನಡುವೆ ನಾನೊಬ್ಬಳೇ ಹೋಗಿ ಅವಳ ಕೈ ನೋಡಿಕೊಂಡು ಬರುತ್ತಿದ್ದೆ, ಅತ್ತೆ ಬಂದಿರಲಿಲ್ಲ. ಜಯಮ್ಮ ಜಗಲಿಯ ಮೇಲೆ ಚಾಪೆ ಹಾಸಿ ಮಜ್ಜಿಗೆ ಕೊಟ್ಟಳು. ಗಾಯ ಮಾಗಿತ್ತು, ಕಲೆ ಮಾತ್ರ ಹಾಗೇ ಇತ್ತು. ಅತ್ತೆ ಅವಳಿಗೊಂದು ಸೀರೆ ತಂದಿದ್ದರು. ಮಗಳಿಗೆ ಕೊಡುವ ಹಾಗೆ ಕುಂಕುಮವಿಟ್ಟು, ಮಡಿಲು ತುಂಬಿಸು ಎಂದು ನನಗೆ ಹೇಳಿದರು. ನಾನು ಅಕ್ಕಿ, ಕೊಬ್ಬರಿ, ಬೆಲ್ಲ ಅವಳ ಮಡಿಲಿಗೆ ಹಾಕುವಾಗ ತುಂಬ ದಿನದಿಂದ ಮನಸ್ಸಿನಲ್ಲಿದ್ದ ಮಾತನ್ನು ಕೇಳಿಬಿಟ್ಟೆ.

"ಜಯಮ್ಮಾ, ನಾನು ಸೊಸೆ, ನಾನೇ ಬಿಟ್ಟು ಓಡ್ದೆ. ನೀನು ಹೆಂಗೆ ಆ ಬೆಂಕಿ ಮೇಲೆ ಹತ್ತಿದೆ? ಹೆದ್ರಿಕೆ ಆಗ್ಲಿಲ್ವಾ?"

ಅವಳು ಮಡಿಲು ಹಿಡಿದುಕೊಂಡೇ ಅತ್ತೆಯ ಕಡೆ ನೋಡಿದಳು. "ಬೆಂಕಿ ನಾನ್ ನೋಡ್ಲೇ ಇಲ್ಲ ಕಣಕ್ಕ. ನೀವು ಈ ಕಡೆ ತಿರುಗಿದ್ರಲ್ಲ, ಆಗ ಅವ್ವ ಎರಡೂ ಕೈ ಮೇಲಕ್ಕೆತ್ತಿದ್ರು. ಕೂಸು ಎತ್ಕೋ ಅಂತ ಕೈ ಎತ್ತದಿಲ್ವಾ, ಹಂಗೆ. ಅದು ಕಂಡ್ಮೇಲೆ ಎಂಗೆ ನಿಂತ್ಕಳದು?"

ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡರು.

ನನ್ನನ್ನು ಹೋಗು ಎಂದು ಗದರಿದ ಆ ಜೀವ, ನಾನು ಬೆನ್ನು ತಿರುಗಿಸಿದ ಮೇಲೆ ಎರಡೂ ಕೈ ಎತ್ತಿತ್ತು. ನನಗೆ ಅದು ಗೊತ್ತೇ ಇರಲಿಲ್ಲ. ಈಗ ಅತ್ತೆ ಬೆಳಿಗ್ಗೆ ಹಾಸಿಗೆಯಿಂದ ಏಳಲು ಕೈ ಚಾಚಿದಾಗಲೆಲ್ಲ, ಹಿಡಿಯುವ ಮುಂಚೆ ಒಂದು ಕ್ಷಣ ನನಗೆ ಜಯಮ್ಮನ ನೆನಪಾಗುತ್ತದೆ. ಮನಸ್ಸಿನಲ್ಲೇ ಅವಳಿಗೊಂದು ನಮಸ್ಕಾರ ಹಾಕಿ, ಆಮೇಲೆ ಕೈ ಹಿಡಿಯುತ್ತೇನೆ.