ಮೈನಾಳ ಎಡಗಾಲು

2011ರಲ್ಲಿ ನಾನು ಮುಂಬೈ ಪಕ್ಕದ ಠಾಣೆ ನಗರದ ಹೊರವಲಯದ ಒಂದು ಖಾಸಗಿ ಲಾಯದಲ್ಲಿ ಸವಾರನಾಗಿದ್ದೆ. ಈವೆಂಟಿಂಗ್‌ನಲ್ಲಿ ಅಷ್ಟರಲ್ಲಾಗಲೇ ಎರಡು ಸಲ ಚಾಂಪಿಯನ್ ಆಗಿದ್ದೆ. ಇದು ಮೂರು ದಿನದ ಸ್ಪರ್ಧೆ. ಮೊದಲ ದಿನ ಡ್ರೆಸಾಜ್, ಅಂದರೆ ಕುದುರೆಯ ಶಿಸ್ತಿನ ನಡಿಗೆ. ಎರಡನೆಯ ದಿನ ಹಳ್ಳ, ದಿಮ್ಮಿ, ನೀರು ದಾಟುವ ಕ್ರಾಸ್ ಕಂಟ್ರಿ. ಕೊನೆಯ ದಿನ ಮೈದಾನದಲ್ಲಿ ಬೇಲಿ ಜಿಗಿತ. ಆ ಬೆಳಿಗ್ಗೆ ಪಶುವೈದ್ಯರ ಮುಂದೆ ಕುದುರೆಯನ್ನು ಓಡಿಸಿ ತೋರಿಸಬೇಕು. ಕುಂಟಿದರೆ ಅಲ್ಲಿಗೆ ಮುಗಿಯಿತು.

ನವಿ ಮುಂಬೈಯಲ್ಲಿ ನಡೆದ ಆ ವರ್ಷದ ಸ್ಪರ್ಧೆಯಲ್ಲಿ ಎರಡು ದಿನದ ಅಂಕದಲ್ಲಿ ನಾನೇ ಮುಂದಿದ್ದೆ. ಆದರೆ ನನ್ನ ಹೆಣ್ಣು ಕುದುರೆ ಮೈನಾ ಒಂದು ಹಳ್ಳದಾಚೆ ತಪ್ಪಾಗಿ ಇಳಿದಿದ್ದಳು. ಸಂಜೆ ಮುಂದಿನ ಎಡಗಾಲನ್ನು ಊರಲೇ ಇಲ್ಲ. ಬೆಳಿಗ್ಗೆ ನೋಡಿದರೆ ವೈದ್ಯರ ಮುಂದೆ ನೇರವಾಗಿ ಓಡಿದಳು. ನಾನು ಹಿಗ್ಗಿದೆ.

ಅವಳನ್ನು ನೋಡಿಕೊಳ್ಳುತ್ತಿದ್ದ ಉಡುಪಿಯ ಶೇಖರಣ್ಣ ಹಿಗ್ಗಲಿಲ್ಲ. ಕಾಲಿಗೆ ಕಟ್ಟಿದ್ದ ಮಂಜುಗಡ್ಡೆಯ ತಂಪು ಅಷ್ಟರಲ್ಲಿ ಇಳಿದಿತ್ತು.

"ಮುಟ್ಟಿ ನೋಡಿ ಸರ್. ಬಿಸಿ ಹಾಗೇ ಉಂಟು. ನೋವು ಮಾತ್ರ ಎಲ್ಲಿಗೆ ಹೋಯ್ತು ಮಾರಾಯ್ರೆ?"

ಗೊರಸಿನ ಮೇಲ್ಭಾಗದಲ್ಲಿ ಯಾರೋ ಸ್ವಲ್ಪ ಕೂದಲು ಕತ್ತರಿಸಿದ್ದರು. ಅಲ್ಲಿ ಎರಡು ಸೂಜಿ ಗುರುತು. ಅದು ನರ್ವ್ ಬ್ಲಾಕ್: ನರವನ್ನು ಮರಗಟ್ಟಿಸುವ ಚುಚ್ಚುಮದ್ದು. ಗಾಯ ವಾಸಿಯಾಗುವುದಿಲ್ಲ, ಕುದುರೆಗೆ ತಿಳಿಯುವುದಿಲ್ಲ ಅಷ್ಟೆ.

ಲಾಯದ ಯಜಮಾನರು ಬೆಂಗಳೂರಿನವರು. ಇದನ್ನು ಹಾಕಿಸಿದ್ದು ನೀವೇನಾ ಎಂದು ಅವರನ್ನು ಕೇಳಿದೆ.

"ಡಾಕ್ಟ್ರೇ ಪಾಸ್ ಮಾಡಿದಾರೆ, ನಿಮ್ದೇನ್ರೀ ಕಿರಿಕ್ಕು? ಸುಮ್ನೆ ಹತ್ತಿ."

ಜಿಗಿತ ಶುರುವಿನ ಗಂಟೆ ಬಾರಿಸುವ ತನಕ ಸವಾರ ಹಿಂದೆ ಸರಿಯಬಹುದು. ಒಂದು ಮಾತು ಹೇಳಿದರೆ ಸಾಕು. ನಾನು ಹತ್ತಿದೆ.

ಐದನೆಯ ಬೇಲಿಯಾಚೆ ಕಾಲು ಮುರಿಯಿತು. ಮುರಿದ ಕಾಲಿನ ಮೇಲೇ ಮೈನಾ ಆರನೆಯ ಬೇಲಿಯತ್ತ ಎರಡು ಹೆಜ್ಜೆ ಓಡಿದಳು. ಅವಳಿಗೆ ಗೊತ್ತೇ ಆಗಿರಲಿಲ್ಲ. ನೀಲಿ ಟಾರ್ಪಾಲು ಅಡ್ಡ ಹಿಡಿಸಿ ವೈದ್ಯರು ಅವಳಿಗೆ ಕೊನೆಯ ಚುಚ್ಚುಮದ್ದು ಕೊಟ್ಟರು.

ತಂಡಗಳಿಗೂ ಬೇರೆ ಪದಕವಿತ್ತು; ನಮ್ಮದು ನಾಲ್ವರ ತಂಡ. ಮೂವರ ಅಂಕ ಹಿಡಿದರೆ ಸಾಕೆಂಬುದು ನಿಯಮ. ತಂಡದ ಚಿನ್ನ ನಮಗೇ ಬಂತು. ಮೈಕಿನಲ್ಲಿ ನನ್ನ ಹೆಸರು ಕೂಗಿದಾಗ ಶೇಖರಣ್ಣ ಅವಳ ಮೂಗಿನ ಪಟ್ಟಿ ಬಿಚ್ಚುತ್ತಿದ್ದ.

"ಹೋಗಿ ಸರ್, ಫೋಟೋಕ್ಕೆ ಕರೀತಿದ್ದಾರೆ. ಬೂಟು ಒರೆಸಿಕೊಳ್ಳಿ."

ಒರೆಸಿಕೊಂಡೆ. ಹೋಗಿ ನಿಂತೆ.

ಯಜಮಾನರ ಬಗ್ಗೆ ಹೇಸಿಗೆಪಡುವುದು ಸುಲಭ, ಎಷ್ಟೋ ವರ್ಷ ಅದನ್ನೇ ಮಾಡಿದೆ. ತನ್ನಿಂದ ಆಗದು ಎಂದು ಹೇಳಲು ಕುದುರೆಗೆ ಇರುವುದು ನೋವೊಂದೇ. ಆ ನೋವಿನ ಬಾಯಿ ಮುಚ್ಚಿಸಿದ ಮೇಲೆ, ಕುದುರೆಯ ಪರವಾಗಿ ಬೇಡ ಎನ್ನಬೇಕಾದವನು ಸವಾರ. ಇಷ್ಟು ವರ್ಷದ ಸವಾರಿಯಲ್ಲಿ ನಾನು ಕಲಿತದ್ದು ಇದೊಂದು. ಅದೂ ಮೈನಾ ಸತ್ತ ಮೇಲೆ.