ಸಂಕಷ್ಟಿಯ ಸಂಜೆ ಖಂಡಪ್ಪನ ದುರ್ಬೀನು

ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ದಹಿಸರಿನ ಚಾಳಿನ ಖಂಡಪ್ಪ ಹಿಡಿದದ್ದು ದುರ್ಬೀನು. ಟೈಲ್ಸ್ ಕೂರಿಸಲು ಬಾಂದ್ರಾದ ಫ್ಲ್ಯಾಟೊಂದಕ್ಕೆ ಹೋಗಿದ್ದಾಗ ಮನೆಯವರು ತಮಗೆ ಬೇಡವೆಂದು ಕೊಟ್ಟದ್ದು ಅದು. ಅಂದಿನಿಂದ ಆಕಾಶವೆಲ್ಲ ತನ್ನ ಸ್ವಂತದ್ದು ಎನ್ನುವ ಹಾಗೆ ಹಿತ್ತಲಲ್ಲಿ ನಿಂತು ಸಿಕ್ಕಸಿಕ್ಕವರಿಗೆಲ್ಲ ತೋರಿಸುತ್ತಿದ್ದ.

ಅಂದು ಸಂಕಷ್ಟಿ. ಕ್ಯಾಲೆಂಡರಿನಲ್ಲಿ ಹಾಕಿದ ಚಂದ್ರೋದಯದ ಹೊತ್ತು ಮೀರಿದರೂ ಚಂದ್ರ ಕಾಣಲಿಲ್ಲ. ಎದುರಿಗೆ ಏಳುತ್ತಿದ್ದ ಬಹುಮಹಡಿಯ ಹೊಸ ಟವರ್ ಆ ಕಡೆಯ ಆಕಾಶವನ್ನು ಮರೆಮಾಡಿತ್ತು. ಉಳಿದ ಹೆಂಗಸರು ಕ್ಯಾಲೆಂಡರನ್ನೇ ನಂಬಿ ಉಂಡು ಬಂದರು. ಪಕ್ಕದ ಖೋಲಿಯ ರುಕ್ಮಿಣಿಬಾಯಿ ಮಾತ್ರ ಕಣ್ಣಾರೆ ಕಂಡ ಹೊರತು ಉಪವಾಸ ಬಿಡುವವಳಲ್ಲ. ಬಸುರಿ ಮಗಳು ಸೋನಾಲಿಗೆ ಹಿಂದೆ ಗರ್ಭ ಇಳಿದುಹೋಗಿತ್ತು. ಈ ಸಲವಾದರೂ ಕೂಸು ಉಳಿಯಲೆಂದು ಮುದುಕಿ ಬೆಳಗಿನಿಂದ ಹನಿ ನೀರೂ ಮುಟ್ಟಿರಲಿಲ್ಲ.

“ನಾ ಅದೀನಲ್ಲ ಮೌಶಿ, ಈಗ ತೋರಸ್ತೀನಿ,” ಎಂದು ಖಂಡಪ್ಪ ಟವರಿನ ನೆತ್ತಿಯತ್ತ ದುರ್ಬೀನು ತಿರುಗಿಸಿದ. ದುಂಡನೆಯ ಹಳದಿ ಬೆಳಕು ಸಿಕ್ಕಿತು. “ಬಂದಾ ನೋಡ್ರಿ ಚಂದ್ರಾಮ!”

ಹೆಂಗಸರು ಶಾಬಾಸ್ ಅಂದರು. ಖಂಡಪ್ಪ ಉಬ್ಬಿ, ಇನ್ನಷ್ಟು ಸ್ಪಷ್ಟವಾಗಲೆಂದು ಗುಂಡಿ ತಿರುವಿದ. ಚಂದ್ರ ಕುಗ್ಗಿ ಕುಗ್ಗಿ ಕ್ರೇನಿನ ದೀಪವಾದ. ಸುತ್ತಲಿನ ಕಬ್ಬಿಣದ ಸರಳುಗಳೂ ಕಂಡವು.

ಆಗಲೇ ಹೇಳಿಬಿಡಬೇಕಿತ್ತು. ಆದರೆ ಎಲ್ಲರೂ ನಗುತ್ತಾರಲ್ಲ! ಆ ಭೂಪ ಗುಂಡಿಯನ್ನು ಹಿಂದಕ್ಕೆ ತಿರುವಿ ದೀಪವನ್ನು ಮತ್ತೆ ಚಂದ್ರನನ್ನಾಗಿ ಮಾಡಿದ.

ಮಂದಗಣ್ಣಿನ ರುಕ್ಮಿಣಿಬಾಯಿ ನೋಡಿದಳು, ಕೈಮುಗಿದಳು, ಅರ್ಘ್ಯ ಬಿಟ್ಟಳು. ಅಲ್ಲೇ ಕಟ್ಟೆಯ ಮೇಲೆ ತಾಟು ಇಟ್ಟುಕೊಂಡು ಉಣ್ಣಲು ಕೂತಳು. ನಾಲ್ಕು ತುತ್ತು ಇಳಿದಿರಬೇಕು, ಟವರಿನ ಮಗ್ಗುಲಿಂದ ನಿಜವಾದ ಚಂದ್ರ ಮೆಲ್ಲಗೆ ಹೊರಬಂದ. ಮುದುಕಿಯ ಕೈ ತಾಟಿನಲ್ಲೇ ನಿಂತಿತು.

“ಖಂಡಪ್ಪಾ, ಆಗ ತೋರಿಸಿದ್ದು ಏನಪಾ?”

“ಕ್ರೇನಿನ ಲೈಟ ಇರಬೇಕು, ಮೌಶಿ.”

“ನಿನಗ ಗೊತ್ತಿತ್ತೇನು?”

“ಇಲ್ಲ... ಗಣಪತಿ ಆಣಿ, ಗೊತ್ತಿರಲಿಲ್ಲ.”

ರುಕ್ಮಿಣಿಬಾಯಿಗೆ ಹೋದ ಜೀವ ಬಂದಂತಾಯಿತು. “ಹಂಗಾರ ಬಿಡು. ಗೊತ್ತಿಲ್ಲದ ಆದದ್ದಕ್ಕ ಗಣಪ್ಪ ಸಿಟ್ಟಾಗಂಗಿಲ್ಲ. ನನ್ನ ಮಗಳಿಗೆ ಏನೂ ಆಗಂಗಿಲ್ಲ.”

ಅವನ ಅಂಗೈಯಲ್ಲಿ ಒಂದು ಮೋದಕ ಇಟ್ಟಳು. ಖಂಡಪ್ಪನ ಮುಖ ನಾಚಿಕೆಯಿಂದ ಸುಡುತ್ತಿತ್ತು. ಭೂಮಿ ಬಾಯಿಬಿಟ್ಟಿದ್ದರೆ ಇಳಿದೇ ಹೋಗುತ್ತಿದ್ದ. ಇನ್ನು ನಿಜ ಹೇಳುವ ಹಾಗೂ ಇರಲಿಲ್ಲ. ಮುದುಕಿಯ ಧೈರ್ಯ ನಿಂತಿದ್ದೇ ಅವನ ಸುಳ್ಳಿನ ಮೇಲೆ.

“ತಿನ್ನು. ಸೋನಾಲಿಗೆ ಚೊಲೋ ಆಗಲಿ ಅಂತ ನೀನೂ ಬೇಡಿಕೋ,” ಎಂದಳು.

ಖಂಡಪ್ಪ ಕಣ್ಣು ಮುಚ್ಚಿದ. ಯಾವ ಮುಖ ಇಟ್ಟುಕೊಂಡು ಬೇಡುವುದೆಂದು ತಿಳಿಯಲಿಲ್ಲ.