ಚಂದ್ರ ಬರುವ ಮುಂಚಿನ ಕತ್ತಲೆ

ಎಪ್ಪತ್ತರ ದಶಕದ ನಡುವಿನ ವರ್ಷಗಳವು. ರಾಜಾಜಿನಗರದ ನಮ್ಮ ಬಾಡಿಗೆ ಮನೆಯ ತಾರಸಿಯಲ್ಲಿ ಒಂದು ಸಂಜೆ ಒಣಗಿದ ಬಟ್ಟೆ ತೆಗೆಯುತ್ತಿದ್ದಾಗ ಕರೆಂಟ್ ಹೋಯಿತು. ನಮ್ಮ ಬೀದಿಯದಷ್ಟೇ ಅಲ್ಲ, ಆಚೆಯ ಕಾರ್ಖಾನೆಗಳದೂ ಹೋಯಿತು. ಮಳೆಗಾಲ ಆಗಷ್ಟೇ ಮುಗಿದಿತ್ತು. ತಲೆಯೆತ್ತಿದರೆ ನೆತ್ತಿಯ ಮೇಲೆ ನೈಋತ್ಯದಿಂದ ಈಶಾನ್ಯಕ್ಕೆ ಹಾದುಹೋದ ಬೆಳ್ಳಗಿನ ಪಟ್ಟಿಯೊಂದು ಕಂಡಿತು, ಅಥವಾ ಕಂಡಿತೆಂದುಕೊಂಡೆ. ಅಷ್ಟರಲ್ಲಿ ಬೀದಿದೀಪ ಹತ್ತಿತು. ಮತ್ತೆ ನೋಡಿದರೆ ಏನೂ ಇರಲಿಲ್ಲ.

ಕೆಳಗೆ ಬಂದು ಹೇಳಿದೆ. ಪಾಳಿ ಮುಗಿಸಿ ಬಂದು ಕಾಫಿ ಕುಡಿಯುತ್ತಿದ್ದ ಅಣ್ಣ ನಕ್ಕ.

"ನನ್ನ ಬಿಳಿ ಪಂಚೆ ಹಾರಿರತ್ತೆ ಕಣೇ. ಬಟ್ಟೆ ಎಣಿಸಿ ನೋಡು. ಒಂದು ಕಮ್ಮಿ ಇದ್ರೆ ಅದೇ ನಿನ್ನ ಆಕಾಶಗಂಗೆ."

ಬಟ್ಟೆ ಕಡಿಮೆಯಾಗಿರಲಿಲ್ಲ. ಆದರೆ ಅವನ ಮಾತು ಮನಸ್ಸಿನಲ್ಲಿ ಉಳಿಯಿತು. ನಾನು ಎಂ.ಎ. ಮುಗಿಸಿ ಹೈಸ್ಕೂಲಿನಲ್ಲಿ ಇತಿಹಾಸ ಹೇಳಿಕೊಡುತ್ತಿದ್ದೆ. ಒಬ್ಬನೇ ಸಾಕ್ಷಿ ಇದ್ದರೆ ಅನುಮಾನಿಸಿ ಎಂದು ಮಕ್ಕಳಿಗೆ ಕಲಿಸುವವಳು. ಅಂದಿನ ದಿನಚರಿಯಲ್ಲಿ ನಾನು ಬರೆದದ್ದು ಸೀಮೆಎಣ್ಣೆ ಸಿಗದ ವಿಷಯ ಮಾತ್ರ. ಹಾಗಾಗಿ ಆ ಪಟ್ಟಿಗಿದ್ದ ಒಂದೇ ಸಾಕ್ಷಿ ನನ್ನ ನೆನಪು. ನನ್ನ ನೆನಪನ್ನು ನಾನು ಆಗಲೂ ಹೆಚ್ಚು ನಂಬುತ್ತಿರಲಿಲ್ಲ. ಅದು ನಿಜವಾಗಿ ಅಲ್ಲಿತ್ತೇ ಎಂದು ತಿಳಿಯಬೇಕು, ಅದಕ್ಕೆ ಕತ್ತಲಿರುವ ಜಾಗ ಬೇಕು ಎಂದು ನಿರ್ಧರಿಸಿದೆ.

ಕತ್ತಲೆ ಹುಡುಕುವುದು ಕಷ್ಟವೆಂದು ನನಗೆ ಅನಿಸಿರಲಿಲ್ಲ. ಬಸವೇಶ್ವರನಗರ ಆಗ ಬರೀ ಸೈಟುಗಳ ಊರು: ಗಡಿಕಲ್ಲು, ಪಾರ್ಥೇನಿಯಂ ಗಿಡ, ಅಲ್ಲೊಂದು ಇಲ್ಲೊಂದು ಅರ್ಧ ಕಟ್ಟಿದ ಗೋಡೆ. ಒಂದು ಸಂಜೆ ಶಾಲೆ ಬಿಟ್ಟವಳು ನೇರ ಅಲ್ಲಿಗೆ ನಡೆದೆ. ಆಕಾಶ ಚೆನ್ನಾಗಿತ್ತು. ಕಣ್ಣು ಕತ್ತಲೆಗೆ ಒಗ್ಗುವ ಮೊದಲೇ ಮೋರಿಯ ಕಟ್ಟೆಯಿಂದ ದನಿ ಬಂತು.

"ಏನ್ ಸಿಸ್ಟರ್, ಸೈಟ್ ನೋಡ್ತಾ ಇದೀರಾ?"

ಮೂರ್ನಾಲ್ಕು ಜನ, ನಡುವೆ ಬಾಟಲಿ. ಹೌದೆಂದೆ.

"ಕಾರ್ನರ್ ಸೈಟಾ? ನಾವೂ ಕಾರ್ನರಲ್ಲೇ ಇದೀವಿ, ಬನ್ನಿ," ಎಂದ ಇನ್ನೊಬ್ಬ. ಎಲ್ಲರೂ ನಕ್ಕರು. ನಾನು ಓಡಲಿಲ್ಲ ಎಂದು ಬರೆಯಲು ಇಷ್ಟ. ಬಹುಶಃ ಓಡಿದೆ. ಮನೆ ಮುಟ್ಟಿದಾಗ ಚಪ್ಪಲಿಯ ಉಂಗುಷ್ಠ ಕಿತ್ತುಹೋಗಿದ್ದದ್ದಂತೂ ನಿಜ.

ಅಪ್ಪನಿಗೆ ಆಗ ಬೇರೆ ಊರಿಗೆ ವರ್ಗವಾಗಿತ್ತು. ಮನೆಯಲ್ಲಿ ನಾವು ಮೂವರೇ. ಅಮ್ಮನಿಗೆ ನಡೆದದ್ದನ್ನು ಹೇಳಿದೆ. ಅವಳು ಬೈಯಲಿಲ್ಲ. "ಇನ್ಮೇಲೆ ಒಬ್ಳೇ ಹೋಗಕೂಡ್ದು," ಎಂದಳು. ಹೋಗಲೇಕೂಡದು ಎನ್ನಲಿಲ್ಲ. ಆ ಸಂದಿಯಲ್ಲೇ ನಾನು ನುಸುಳಿದೆ.

ಸ್ಕೂಟರ್ ಇದ್ದ ಅಣ್ಣನನ್ನು ಒಂದು ವಾರ ಕಾಡಿ ಒಪ್ಪಿಸಿದೆ. ವಿಜಯನಗರದ ಆಚೆ ಒಂದು ಬಯಲು ನೋಡಿದೆವು. ಅಲ್ಲಿ ಟೆಂಟ್ ಸಿನಿಮಾದ ಬೆಳಕು. ಮೈಸೂರು ರಸ್ತೆಯಲ್ಲಿ ಮುಂದೆ ಹೋದರೆ ಕೆಂಗೇರಿ. ಅಲ್ಲಿ ಹೊಸ ಉಪನಗರದ ಮನೆಗಳು ಇನ್ನೂ ವಿರಳ, ಅದರಾಚೆ ಹೊಲ. ಊರಿನ ದೀಪಗಳೆಲ್ಲ ಪೂರ್ವಕ್ಕೆ ಉಳಿಯುತ್ತವೆ, ಪಶ್ಚಿಮ ಪೂರಾ ಕತ್ತಲು. ಹಗಲಲ್ಲಿ ನೋಡಿ ಬಂದು ಜಾಗ ಗೊತ್ತು ಮಾಡಿದೆ. ಚಂದ್ರನೇ ಇಲ್ಲದ ರಾತ್ರಿ ಒಳ್ಳೆಯದೆಂದು ಗ್ರಂಥಾಲಯದ ಪುಸ್ತಕದಲ್ಲಿ ಓದಿದ್ದೆ. ಅಂದರೆ ಅಮಾವಾಸ್ಯೆ.

"ಅಮಾವಾಸ್ಯೆ ದಿನ ಹೊಲದಲ್ಲಿ ಕೂತ್ಕೋತೀಯ?" ಅಮ್ಮ ಒಗ್ಗರಣೆ ಸೌಟು ಹಿಡಿದೇ ತಿರುಗಿದಳು.

"ಬೇರೆ ದಿನ ಕಾಣಲ್ಲಮ್ಮ."

"ಕಾಣೋದು ಏನೇನೋ ಇರತ್ತೆ ಅವತ್ತು."

ಅಣ್ಣ ಜೊತೆಗಿರುತ್ತಾನೆಂದು ಕೊನೆಗೆ ಒಪ್ಪಿದಳು. ಹೊರಡುವಾಗ ನಮ್ಮಿಬ್ಬರನ್ನೂ ಬಾಗಿಲಲ್ಲಿ ನಿಲ್ಲಿಸಿ, ಕುಂಕುಮ ಹಚ್ಚಿದ ನಿಂಬೆಹಣ್ಣನ್ನು ನನ್ನ ಚೀಲಕ್ಕೆ ಹಾಕಿದಳು. ದಾರಿಯಲ್ಲಿ ಬಿಸಾಡಬೇಡ, ಹತ್ತಿರವೇ ಇರಲಿ ಎಂದಳು. ಕತ್ತಲೆಗೆ ಒಗ್ಗಿದ ಕಣ್ಣನ್ನು ಕೆಂಪು ಬೆಳಕು ಕೆಡಿಸುವುದಿಲ್ಲವೆಂದು ಅದೇ ಪುಸ್ತಕದಲ್ಲಿ ಓದಿದ್ದೆನಾದ್ದರಿಂದ ಟಾರ್ಚಿನ ಬಾಯಿಗೆ ಕೆಂಪು ರವಿಕೆ ಬಟ್ಟೆ ಸುತ್ತಿದ್ದೆ.

ಹೊಲದ ಬದುವಿನಲ್ಲಿ ಚಾಪೆ ಹಾಸಿ ಕೂತು, ನಾನೇ ಬರೆದುಕೊಂಡಿದ್ದ ನಕ್ಷತ್ರಗಳ ನಕ್ಷೆಯನ್ನು ಟಾರ್ಚಿಗೆ ಹಿಡಿದೆ. ಸ್ವಲ್ಪ ಹೊತ್ತಿನಲ್ಲೇ ಊರ ಕಡೆಯಿಂದ ಲಾಟೀನು ಬಂತು. ಹಿಂದೆ ದೊಣ್ಣೆ ಹಿಡಿದ ಇಬ್ಬರು ಗಂಡಸರು, ಅವರ ಹಿಂದೆ ವಯಸ್ಸಾದ ಹೆಂಗಸು.

"ಯಾರ್ರಪ್ಪಾ ಅದು? ಏನ್ ಹೂಳ್ತಾ ಇದೀರಿ?"

ಅಣ್ಣ ಎದ್ದು ನಿಂತ. "ಏನೂ ಇಲ್ಲ ಸಾರ್. ನಕ್ಷತ್ರ ನೋಡೋಕೆ ಬಂದಿದೀವಿ."

"ಯಾಕೆ, ನಿಮ್ಮೂರಲ್ಲಿ ಇಲ್ವಾ?"

ಲಾಟೀನು ನಮ್ಮ ಚಾಪೆಯ ಮೇಲೆ ಬಂತು. ಕೆಂಪು ಬಟ್ಟೆ ಸುತ್ತಿದ ದೀಪ. ಚುಕ್ಕಿಗಳನ್ನು ಗೆರೆಯಿಂದ ಸೇರಿಸಿ ಬರೆದ ಹಾಳೆ. ಚೀಲ ಕೊಡವಿದರೆ ಉರುಳಿ ಬಂದದ್ದು ಕುಂಕುಮ ಹಚ್ಚಿದ ನಿಂಬೆಹಣ್ಣು. ನಮ್ಮನ್ನು ಕಾಯಲಿ ಎಂದು ಅಮ್ಮ ಕೊಟ್ಟದ್ದು ಅಲ್ಲಿ ನಮ್ಮ ಮೇಲೇ ತಿರುಗಿತು.

"ನೋಡಕ್ಕೆ ಓದಿದವ್ರ ತರ ಅವ್ರೆ," ಎಂದ ಒಬ್ಬ. "ಮಾಟ ಮಾಡಕ್ಕೆ ಬಂದವ್ರೆ."

"ಅಮ್ಮ ಕೊಟ್ಟಿದ್ದು," ಎಂದೆ ನಾನು. ಆ ಹೊತ್ತಿನಲ್ಲಿ ಅದಕ್ಕಿಂತ ಕೆಟ್ಟ ಉತ್ತರ ಇರಲಿಲ್ಲ.

"ಅಂದ್ರೆ ಮನೆತನದ ಕಸುಬು," ಎಂದ ಇನ್ನೊಬ್ಬ.

ವಯಸ್ಸಾದ ಹೆಂಗಸು ಲಾಟೀನನ್ನು ನನ್ನ ಮುಖದ ಹತ್ತಿರ ತಂದು ನೋಡಿದರು. ಏನು ಕಂಡಿತೋ. "ಮೊದ್ಲು ಮನೆಗ್ ಹೋಗವ್ವ. ಈ ಹೊಲಕ್ಕೆ ಏನಾದ್ರೂ ಆದ್ರೆ ನಿನ್ ಹೆಸ್ರೇ ಹೇಳ್ತಾರೆ ಇವ್ರು," ಎಂದರು. ಅವರೇ ಮುಂದೆ ನಿಂತು ನಮ್ಮನ್ನು ರಸ್ತೆಯವರೆಗೆ ಬಿಟ್ಟರು. ಲಾಟೀನಿನ ಬೆಳಕು ಕಣ್ಣು ತುಂಬಿದ್ದರಿಂದ ಆ ರಾತ್ರಿ ಆಕಾಶದಲ್ಲಿ ನನಗೆ ಏನೂ ಕಾಣಲಿಲ್ಲ.

ಮನೆ ಮುಟ್ಟಿದ ಮೇಲೆ ಅಣ್ಣ ಸ್ಕೂಟರ್ ಸ್ಟ್ಯಾಂಡ್ ಹಾಕಿ, "ನನ್ನ ಕೈಲಾಗಲ್ಲ ಮಾರಾಯ್ತಿ," ಎಂದು ಒಳಗೆ ಹೋದ.

ನಾನು ಬಿಡಲಿಲ್ಲ. ಯೋಚಿಸಿದಷ್ಟೂ ಜಾಗ ಸರಿಯಾಗಿಯೇ ಇತ್ತು ಅನಿಸುತ್ತಿತ್ತು. ತಪ್ಪಿದ್ದು ಎರಡು ಕಡೆ. ಅಲ್ಲಿಯವರನ್ನು ಕೇಳದೆ ಹೋಗಿದ್ದೆವು. ಹೋದ ದಿನವೂ ಸರಿಯಿರಲಿಲ್ಲ. ಮೊದಲನೆಯದನ್ನು ಸರಿಪಡಿಸಲು ಒಂದು ಭಾನುವಾರ ಬೆಳಿಗ್ಗೆ ಸಿಟಿ ಬಸ್ಸಿನಲ್ಲಿ ಕೆಂಗೇರಿಗೆ ಹೋಗಿ, ಅಮಾವಾಸ್ಯೆ ದಿನ ಹೊಲದಲ್ಲಿ ಸಿಕ್ಕಿದವಳು ನಾನೇ ಎಂದು ಹೇಳಿಕೊಂಡೇ ಆ ಹೆಂಗಸಿನ ಮನೆ ಹುಡುಕಿದೆ. ದಾರಿ ತೋರಿಸಲು ಜನ ಕಡಿಮೆಯಾಗಲಿಲ್ಲ. ಅವರು ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದರು.

"ನಿಂಬೆಹಣ್ಣು ತಂದಿದೀಯಾ?" ಎಂದರು ತಲೆಯೆತ್ತದೆ.

"ಇಲ್ಲ ಅಜ್ಜಿ. ಬಾಳೆಹಣ್ಣು ತಂದಿದೀನಿ."

ನಾನೂ ಅವರೆಕಾಯಿ ಸುಲಿಯಲು ಕೂತೆ. ಕರೆಂಟ್ ಹೋದ ಸಂಜೆಯ ಪಟ್ಟಿಯ ವಿಷಯ ಹೇಳಿದೆ. ಅವರಿಗೆ ಅದರಲ್ಲಿ ಅಂಥ ಆಸಕ್ತಿ ಇದ್ದಂತೆ ಕಾಣಲಿಲ್ಲ. ಆದರೆ ಹೆಣ್ಣುಮಗಳು ಕೂತು ಹೋಗಲು ಎಲ್ಲಿ ಸರಿ ಎಂಬ ಪ್ರಶ್ನೆ ಅವರಿಗೆ ಹಿಡಿಸಿತು. ರಾಗಿ ಕೊಯ್ಲಾಗಿ ಕಣಕ್ಕೆ ಬಂದರೆ ಮನೆಯವರೆಲ್ಲ ಒಕ್ಕಣೆ ಮುಗಿಯುವವರೆಗೆ ಅಲ್ಲೇ ಕಾವಲು ಮಲಗುತ್ತಾರಂತೆ. ಸುತ್ತ ಮರವಿಲ್ಲದ ಬಯಲು, ಸಗಣಿ ಸಾರಿಸಿದ ನೆಲ. "ಆವಾಗ ಬಾ. ನಿಮ್ಮಮ್ಮನ್ನೂ ಕರ್ಕೊಂಡ್ ಬಾ. ಅಮಾಸೆ ಮಾತ್ರ ಬ್ಯಾಡ."

ಅಮ್ಮನೂ ಅದನ್ನೇ ಹೇಳುತ್ತಿದ್ದಳು. ಎರಡು ಮನೆಯ ಹಿರಿಯರು ಬೇಡವೆಂದದ್ದು ಅದೊಂದೇ ದಿನ, ನನ್ನ ಪುಸ್ತಕ ಬೇಕೆಂದದ್ದೂ ಅದನ್ನೇ.

ಈ ಗಂಟು ಬಿಚ್ಚಿಕೊಂಡದ್ದು ಅಮ್ಮನ ಸಂಕಷ್ಟಿಯ ದಿನ. ಅವಳು ಪ್ರತಿ ತಿಂಗಳೂ ಹುಣ್ಣಿಮೆ ಕಳೆದು ಬರುವ ಚೌತಿಗೆ ಉಪವಾಸವಿದ್ದು ಚಂದ್ರನನ್ನು ನೋಡಿಯೇ ಊಟ ಮಾಡುವವಳು. ಅಂದು ನಾನೂ ತಾರಸಿಯಲ್ಲಿ ಅವಳ ಜೊತೆ ಚಂದ್ರನನ್ನು ಕಾಯುತ್ತಿದ್ದೆ. ಅಣ್ಣನ ಊಟವಾಗಿ ಎಷ್ಟೋ ಹೊತ್ತಾಗಿತ್ತು, ಚಂದ್ರ ಬಂದಿರಲಿಲ್ಲ. ನನಗೆ ಥಟ್ಟನೆ ಹೊಳೆಯಿತು: ಇಷ್ಟು ಹೊತ್ತೂ ಆಕಾಶದಲ್ಲಿ ಚಂದ್ರ ಇರಲೇ ಇಲ್ಲ. ನಾಳೆ ಇನ್ನೂ ತಡ, ನಾಳಿದ್ದು ಇನ್ನೂ ತಡ. ನನಗೆ ಬೇಕಾದದ್ದು ಸಂಜೆಯ ಒಂದೆರಡು ಗಂಟೆ ಮಾತ್ರ. ಅದಕ್ಕೆ ಅಮಾವಾಸ್ಯೆಯವರೆಗೆ ಏಕೆ ಕಾಯಬೇಕು?

"ಅಮ್ಮ, ಈ ಪಕ್ಷದ ದಶಮಿ ದಿನ ಚಂದ್ರ ಯಾವಾಗ ಬರ್ತಾನೆ?"

"ನಾವು ನಿದ್ದೆ ಹೋದ್ಮೇಲೆ. ಯಾಕೆ, ದಶಮಿಗೂ ಉಪವಾಸ ಮಾಡ್ತೀಯ?"

"ದಶಮಿಗೆ ಕೆಂಗೇರಿಗೆ ಹೋಗೋಣ."

ಅವಳು ಬೆರಳು ಮಡಿಸಿ ತಿಥಿ ಎಣಿಸಿದಳು. "ದಶಮಿ ಪರವಾಗಿಲ್ಲ," ಎಂದಳು.

ರಾಗಿ ಕಣಕ್ಕೆ ಬರುವವರೆಗೆ ಕಾದು, ಅಜ್ಜಿಗೆ ಮೊದಲೇ ತಿಳಿಸಿ, ವಾಪಸು ಬಸ್ಸಿನ ಸಮಯ ವಿಚಾರಿಸಿಕೊಂಡು ಕೃಷ್ಣಪಕ್ಷದ ಒಂದು ದಶಮಿಯಂದು ಇಬ್ಬರೂ ಹೋದೆವು. ಕಣದಲ್ಲಿ ರಾಗಿ ಮೆದೆ, ಕಂಬಳಿ, ಮಲಗಿದ ನಾಯಿ. ದೊಣ್ಣೆ ಹಿಡಿದು ಬಂದಿದ್ದವರಲ್ಲಿ ಒಬ್ಬ ಅಜ್ಜಿಯ ಮಗನೇ. ನಮ್ಮನ್ನು ಕಂಡು, "ಅಮ್ಮಾವ್ರೇ, ಕೊಟ್ಟಿದ್ದು ನೀವೇನಾ ಆ ನಿಂಬೆಹಣ್ಣು? ಯಾರ್ ಮುಟ್ಟಬೇಕು ಅಂತ ಜಗಳ ಆಗಿ, ಇವತ್ತೂ ಬದುವಿನಲ್ಲೇ ಬಿದ್ದೈತೆ," ಎಂದ. ಅಮ್ಮ ನಗು ತಡೆಯಲಾರದೆ ಸೆರಗು ಬಾಯಿಗೆ ಹಿಡಿದಳು. ಅಜ್ಜಿ ಲಾಟೀನಿನ ಬತ್ತಿ ಇಳಿಸಿ ಅದನ್ನು ಮೆದೆಯ ಆಚೆ ದೂರಕ್ಕೆ ಇಟ್ಟರು.

ಕೂತೆವು. ಹುಲ್ಲಿನ ವಾಸನೆ, ಚಳಿ. ನಕ್ಷತ್ರಗಳು ಒಂದೊಂದಾಗಿ ಅಲ್ಲ, ಗುಂಪುಗುಂಪಾಗಿ ಹೆಚ್ಚುತ್ತ ಬಂದವು. ಆಮೇಲೆ ಅಮ್ಮ ಎದ್ದಳು.

"ಮೋಡ ಬಂತಲ್ಲೇ. ನಡಿ, ಬಸ್ ಹಿಡಿಯೋಣ."

ವಾಯವ್ಯದಿಂದ ಎದ್ದು ಉತ್ತರದ ಆಕಾಶದಲ್ಲಿ ಹಾದು ಪೂರ್ವಕ್ಕೆ ಇಳಿದಿದ್ದ ತೆಳು ಬಿಳುಪು. ತಿಂಗಳು ಕಳೆದಂತೆ ಅದರ ದಿಕ್ಕು ತಿರುಗುತ್ತದೆಂದು ಪುಸ್ತಕದಲ್ಲಿ ಓದಿದ್ದೆ. ಅವಳಿಗೆ ಮೋಡ ಕಂಡಿತ್ತು. ನನಗೂ ಒಂದು ಕ್ಷಣ ಹಾಗೆಯೇ ಅನಿಸಿತು. ಉತ್ತರದಲ್ಲಿ ಸೊಟ್ಟಗೆ ಸಾಲಾಗಿ ನಿಂತ ಐದು ನಕ್ಷತ್ರಗಳನ್ನು ಅವಳಿಗೆ ತೋರಿಸಿ, "ಮೋಡ ಆದ್ರೆ ಅವುಗಳ ಮೇಲಿಂದ ಸರಿಯತ್ತೆ. ಸ್ವಲ್ಪ ಹೊತ್ತು ನೋಡು," ಎಂದೆ. ಅವಳು ನಿಂತೇ ನೋಡಿದಳು. ಆಮೇಲೆ ಕೂತು ನೋಡಿದಳು. ಬಿಳುಪು ಆ ನಕ್ಷತ್ರಗಳನ್ನು ಬಿಟ್ಟು ಕದಲಲಿಲ್ಲ.

"ಸರೀತಾ ಇಲ್ಲ," ಎಂದಳು ಕೊನೆಗೆ, ಯಾರೋ ಹಟಮಾರಿಯ ಬಗ್ಗೆ ಹೇಳುವಂತೆ.

ಅಷ್ಟಕ್ಕೇ ನನ್ನ ಪ್ರಶ್ನೆ ಮುಗಿಯಬೇಕಿತ್ತು. ಮುಗಿಯಲಿಲ್ಲ. ಮರುದಿನ ತಾರಸಿಯ ಆ ಸಂಜೆಯನ್ನು ನೆನೆಸಿಕೊಂಡರೆ ಅದರಲ್ಲಿ ರಾಗಿ ಹುಲ್ಲಿನ ವಾಸನೆ ಬರುತ್ತಿತ್ತು. ರಾಜಾಜಿನಗರದಲ್ಲಿ ಎಲ್ಲಿಯ ಹುಲ್ಲು? ಕಣದಲ್ಲಿ ಕಂಡದ್ದು ತಾರಸಿಯಲ್ಲಿ ಕಂಡದ್ದರ ಮೇಲೆ ಆಗಲೇ ಕೂತುಬಿಟ್ಟಿತ್ತು. ಇನ್ನು ನನ್ನ ಸಾಕ್ಷ್ಯ ಯಾವ ಪ್ರಯೋಜನಕ್ಕೂ ಬಾರದು. ಬೇರೆ ಕಣ್ಣು ಬೇಕು.

ಮುಂದಿನ ಮಳೆಗಾಲ ಮುಗಿಯುವವರೆಗೂ ಕಾದೆ. ಚಂದ್ರನಿಲ್ಲದ ಸಂಜೆ, ಕಾರ್ಖಾನೆಗಳ ಕಡೆಯದೂ ಸೇರಿ ಕರೆಂಟ್ ಹೋದದ್ದು ಒಮ್ಮೆ ಮಾತ್ರ. ಅಣ್ಣನನ್ನು ರಟ್ಟೆ ಹಿಡಿದು ಮೇಲಕ್ಕೆ ಎಳೆದುಕೊಂಡು ಹೋದೆ.

"ಎಲ್ಲಿ ನೋಡ್ಬೇಕು?" ಎಂದ.

"ಹೇಳಲ್ಲ. ನಿನಗೆ ಏನಾದ್ರೂ ಕಂಡ್ರೆ ನೀನೇ ತೋರ್ಸು."

"ಪರೀಕ್ಷೆನಾ?"

"ಹೂಂ."

ನಾನು ತಲೆ ಎತ್ತದೆ ಅವನನ್ನೇ ನೋಡುತ್ತ ನಿಂತೆ. ಅವನು ಒಂದು ಸುತ್ತು ತಿರುಗಿದ, ಕಣ್ಣು ಉಜ್ಜಿಕೊಂಡ, ಏನೋ ಗೊಣಗಿದ. ನಂತರ ಅವನ ಕೈ ಮೇಲೆದ್ದು ನೈಋತ್ಯದಿಂದ ನೆತ್ತಿಯ ಮೇಲೆ ಹಾದು ಈಶಾನ್ಯಕ್ಕೆ ನಿಧಾನವಾಗಿ ಒಂದು ಗೆರೆ ಎಳೆಯತೊಡಗಿತು. ಗೆರೆ ಮುಗಿಯುವ ಮೊದಲೇ ಕರೆಂಟ್ ಬಂತು. ಬೀದಿದೀಪದ ಬೆಳಕಿನಲ್ಲಿ ಅವನ ಕೈ ಇನ್ನೂ ಮೇಲೇ ಇತ್ತು.

"ಬಟ್ಟೆ ಎಣಿಸ್ಲಾ?" ಎಂದೆ.